ಸಾರುವೆಯ ಮೇಲೆ ಬಣ್ಣದಣ್ಣ

ಚರ್ಚಿನ ದುರಸ್ತಿ ಶುರುವಾದಾಗ ಬಡಗಿ ಬೆಂಚುಗಳನ್ನು ವಹಿಸಿಕೊಂಡ, ಗಾರೆ ಮೇಸ್ತ್ರಿ ಗೋಡೆಯ ಬಿರುಕುಗಳನ್ನು. ಹೆಂಗಸರು ಒದ್ದೆ ಬಟ್ಟೆ ಹಿಡಿದು ಸಂತರ ಪ್ರತಿಮೆಗಳ ಮುಖ ಒರೆಸಿದರು. ಫಾದರ್ ಕೂಡ ನಿಲುವಂಗಿ ಎತ್ತಿ ಕಟ್ಟಿ ಮರಳು ಜರಡಿ ಹಿಡಿದರು. ಪಾಪ, ಅವರು ಹಿಡಿದಷ್ಟನ್ನೂ ಮೇಸ್ತ್ರಿ ಮತ್ತೊಮ್ಮೆ ಹಿಡಿಯಬೇಕಾಗುತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ ಅಷ್ಟೆ.

ಬಣ್ಣದಣ್ಣ ಬಾಗಿಲ ಬಳಿ ಕೂತು ಬಣ್ಣ ಕಲಸುತ್ತಿದ್ದ. ಅಪ್ಪನ ಬ್ರಶ್ಶು ಹಿಡಿದೇ ಬೆಳೆದವನು; ಎಂಥ ಎತ್ತರವಿರಲಿ, ಸಿಳ್ಳೆ ಹಾಕಿಕೊಂಡು ಹತ್ತುತ್ತಿದ್ದ ಆಸಾಮಿ. ಯಾರದೋ ಮಹಡಿ ಮನೆಗೆ ಬಣ್ಣ ಹೊಡೆಯುವಾಗ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಸ್ಟೂಲು ಹತ್ತಿದರೂ ಕಾಲು ನಡುಗುತ್ತಿತ್ತು. ಹೆಂಡತಿ ಎಳೆಮಗುವಿನ ಹಾಗೆ ನೋಡಿಕೊಂಡು ಅವನನ್ನು ಎಬ್ಬಿಸಿ ನಿಲ್ಲಿಸಿದ್ದಳು. ಈಗ ಬೇರೆಯವರು ಹತ್ತುತ್ತಿದ್ದರು, ಇವನು ಕೆಳಗಿನಿಂದ ಡಬ್ಬ ಕೊಡುತ್ತಿದ್ದ. ಕೈಯಲ್ಲಿ ಕಸುಬಿದ್ದೂ ಡಬ್ಬ ಕೊಡುವುದೆಂದರೆ ಅದೇನು ಸಣ್ಣ ಸಂಕಟವೇ?

ಕೊನೆಗೆ ಬಲಿಪೀಠದ ಮೇಲಿನ ಕಮಾನು ಚಾವಣಿ ಉಳಿದಾಗ ಅವನು, "ಇದನ್ನ ನಾನು ಮಾಡ್ತೀನಿ. ಈಗ ಹತ್ತಲಿಲ್ಲ ಅಂದ್ರೆ ಇನ್ನು ಜನ್ಮದಲ್ಲಿ ಹತ್ತಲ್ಲ," ಅಂದುಬಿಟ್ಟ.

ಹೆಂಡತಿ ಮಾತು ಬಿಟ್ಟಳು. ಮನೆಯಲ್ಲಿ ತಟ್ಟೆ ಕುಕ್ಕುವ ಸದ್ದೇ ಮಾತಾಯಿತು.

ಗಾರೆ ಮೇಸ್ತ್ರಿ ಅವಳ ಸ್ವಂತ ತಮ್ಮ. ಕಂಬಗಳಿಗೆ ಹಲಗೆ ಬಿಗಿದು ಸಾರುವೆ ಕಟ್ಟಿದವನು ಅವನೇ. ಗಂಟುಗಳನ್ನೆಲ್ಲ ಮತ್ತೆ ಮತ್ತೆ ಎಳೆದು ನೋಡಿದ.

"ಭಾವ, ಆನೆ ಹತ್ತಿದ್ರೂ ಬೀಳಲ್ಲ."

"ಬೀಳೋ ಭಯ ಅಲ್ಲ ಕಣೋ, ಹಲಗೆ ಕಿರುಗುಟ್ಟೋ ಸದ್ದಿನ ಭಯ. ಅವತ್ತು ಬೀಳೋ ಮುಂಚೆ ಕೇಳಿಸಿದ್ದು ಅದೇ."

ಅದಕ್ಕೊಂದು ಉಪಾಯ ಹೂಡಿದರು. ಇವನು ಮೇಲಿರುವಷ್ಟು ಹೊತ್ತೂ ಚರ್ಚಿನ ಹಾಡಿನ ತಂಡ ಅಲ್ಲೇ ಅಭ್ಯಾಸ ಮಾಡುವುದು. ಕಿರುಗುಟ್ಟುವುದು ಹಾಡಿನಲ್ಲಿ ಮುಳುಗಲಿ. ತಂಡ ನಡೆಸುವ ಟೀಚರಮ್ಮನದು ಒಂದೇ ಹಟ: ಪುಸ್ತಕದ ಮೊದಲ ಪುಟದಿಂದ ಶುರು, ನಡುವೆ ಒಂದನ್ನೂ ಬಿಡುವಂತಿಲ್ಲ. ಹೆಂಡತಿಯೂ ಆ ತಂಡದವಳೇ. ಮುಖ ಗಂಟಿಕ್ಕಿಕೊಂಡೇ ಬಂದಳು. ಆದರೆ ಬಂದಳು.

ಬಣ್ಣದಣ್ಣ ಹತ್ತಿದ. ಕೆಳಗೆ ಮೇಸ್ತ್ರಿ ಒಂದು ಕಂಬ ಹಿಡಿದ, ಫಾದರ್ ಇನ್ನೊಂದನ್ನು ಅಪ್ಪಿಕೊಂಡರು. ಅಷ್ಟು ಗಂಟಲುಗಳ ನಡುವೆಯೂ ಅವನಿಗೆ ಹೆಂಡತಿಯ ದನಿ ಬೇರೆಯಾಗಿ ಕೇಳುತ್ತಿತ್ತು, ತುಸು ಮೂಗಿನಿಂದ ಬರುವ ದನಿ. ಅದೊಂದನ್ನೇ ನೆಚ್ಚಿಕೊಂಡು ಬ್ರಶ್ಶು ಓಡಿಸಿದ.

ಪ್ರವೇಶದ ಹಾಡು, ಕಾಣಿಕೆಯ ಹಾಡು, ಮಾತೆಮರಿಯಳ ಹಾಡು, ಮದುವೆಯ ಹಾಡು ಎಲ್ಲ ಆದವು. ಚಾವಣಿ ಮುಗಿಯುತ್ತ ಬಂತು, ಪುಸ್ತಕವೂ. ಟೀಚರಮ್ಮ ಪುಟ ತಿರುಗಿಸಿ ಕೈ ಎತ್ತಿದರು. ತಂಡ ಮುಂದಿನದನ್ನು ಎತ್ತಿಕೊಂಡಿತು. ಅದು ಶವಪೆಟ್ಟಿಗೆಯನ್ನು ಹೊರಗೆ ಒಯ್ಯುವಾಗ ಹಾಡುವ ಹಾಡು. ಫಾದರ್ ಅಭ್ಯಾಸಬಲದಿಂದ ಕಂಬ ಬಿಟ್ಟು ಶಿಲುಬೆಯ ಗುರುತು ಮಾಡಿಕೊಂಡರು.

ಬಣ್ಣದಣ್ಣನಿಗೆ ಮೊದಲು ನಗು ಬಂತು. ಆಮೇಲೆ ಹೊಳೆಯಿತು, ಎಲ್ಲರ ದನಿಯೂ ಇದೆ, ಅವಳದಿಲ್ಲ. ಕಾಲಡಿಯ ಹಲಗೆ ಕಿರುಗುಟ್ಟಿದ್ದು ಕೇಳಿಸಿತು.

"ಯಾಕೆ ನಿಲ್ಲಿಸಿದೆ?" ಎಂದು ಅಲ್ಲಿಂದಲೇ ಕೂಗಿದ.

ಟೀಚರಮ್ಮ ಕೈ ಇಳಿಸಿ ಹಾಡು ನಿಲ್ಲಿಸಿದರು. ಹೆಂಡತಿ ತಂಡದಿಂದ ಒಂದು ಹೆಜ್ಜೆ ಮುಂದೆ ಬಂದಳು.

"ಈ ಹಾಡು ನಿಮಗೆ ನಾನು ಹಾಡಲ್ಲ. ಅವತ್ತು ಆಸ್ಪತ್ರೆ ಬಾಗಿಲಲ್ಲಿ ಕೂತಿದ್ದಾಗ ಇದೇ ಹಾಡು ಕಿವೀಲಿ ಗುಂಯ್ ಅಂತಿತ್ತು. ಸಾಕು ನನಗೆ."

ಅವಳು ಇಷ್ಟು ದಿನ ಹೊಟ್ಟೆಯೊಳಗೆ ಏನಿಟ್ಟುಕೊಂಡಿದ್ದಳೆಂದು ಅವನಿಗೆ ಆಗ ತಿಳಿಯಿತು. ಚಾವಣಿ ಹಾಳಾಗಿ ಹೋಗಲಿ ಅನಿಸಿತು.

"ಆಯ್ತು ಬಿಡು, ಇಳಿದುಬಿಡ್ತೀನಿ," ಎಂದು ಬ್ರಶ್ಶನ್ನು ಡಬ್ಬದ ಮೇಲಿಟ್ಟ.

ಅವಳು ಅಂಗೈಯಲ್ಲಿ ಕಣ್ಣೊರೆಸಿಕೊಂಡು ಸಾರುವೆಯ ಬುಡಕ್ಕೆ ಬಂದಳು. ಫಾದರ್ ಬಿಟ್ಟ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು, ಕತ್ತೆತ್ತಿ ಚಾವಣಿಯನ್ನು ಒಂದು ಸಲ ಪೂರ್ತಿ ನೋಡಿದಳು.

"ಎಡಗಡೆ ಮೂಲೇಲಿ ಅಂಗೈಯಷ್ಟು ಬಿಟ್ಟಿದ್ದೀರಿ," ಅಂದಳು. "ಅದನ್ನೂ ಬಳಿದು ಇಳೀರಿ. ನಾನು ಹಿಡ್ಕೊಂಡಿದ್ದೀನಿ."