ಹೆಸರಿನ ಕೆಳಗಿನ ನಂಬರ್

ಬಂದ್ಯೋಡಿನ ಜೆರಾಕ್ಸ್ ಅಂಗಡಿಯಲ್ಲಿ ಬಯೋಡಾಟಾ ಟೈಪ್ ಮಾಡಿಕೊಡುತ್ತಿದ್ದ ಆ ಅಕ್ಕನಿಗೆ ಹಾಳೆಯ ಮೇಲ್ತುದಿಯಲ್ಲಿ ಫೋನ್ ನಂಬರ್ ಹಾಕುವ ಬಣ್ಣದ ಚೌಕಗಳನ್ನು ಕಂಡರೆ ಆಗುತ್ತಿರಲಿಲ್ಲ. "ಕೆಲಸ ಕೊಡುವ ಕಂಪೆನಿಯಲ್ಲಿ ಇದನ್ನು ಮೊದಲು ಓದುದು ಕಂಪ್ಯೂಟರ್. ಚೌಕದೊಳಗೆ ನಂಬರ್ ಇಟ್ರೆ ಕೆಲವು ಸಲ ಅದಕ್ಕೆ ಕಾಣುದಿಲ್ಲ" ಎನ್ನುತ್ತ, ಕನ್ನಡಕವನ್ನು ಶಾಲಿನಲ್ಲಿ ಒರೆಸಿಕೊಂಡು, ಫೋನ್ ನಂಬರನ್ನೂ ಇಮೇಲನ್ನೂ ಹೊರಗೆಳೆದು ಹೆಸರಿನ ಕೆಳಗೆ ಸಾದಾ ಅಕ್ಷರದಲ್ಲಿ ಕೂರಿಸುತ್ತಿದ್ದರು. ಆಮೇಲೆ ಎಲ್ಲರಿಗೂ ಒಂದೇ ಪ್ರಶ್ನೆ: "ಫೋನ್ ಬಂದ್ರೆ ಎತ್ತುದು ಯಾರು?"

ನಾನು ಕೊಟ್ಟದ್ದು ಅಣ್ಣನ ನಂಬರ್. ರೇಷನ್ ಕಾರ್ಡಿನಿಂದ ಹಿಡಿದು ಗ್ಯಾಸ್ ಬುಕಿಂಗಿನವರೆಗೆ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಅದೇ.

"ಅಣ್ಣ ಎತ್ತುತ್ತಾನೆ," ಎಂದೆ.

ಟೈಪ್ ಮಾಡುತ್ತಿದ್ದ ಬೆರಳು ನಿಂತಿತು. "ನಿಮ್ಮ ಹತ್ರ ಫೋನ್ ಇಲ್ವಾ?"

"ಉಂಟು. ಆದ್ರೆ ನನಗೆ ಫೋನ್ ಬಂದ್ರೆ ಯಾರದ್ದು ಅಂತ ಮನೆಯಲ್ಲಿ ಕೇಳ್ತಾರೆ."

"ಕೇಳಿದ್ರೆ ಹೇಳಿ. ಕದ್ದು ಮಾಡುವಂಥದ್ದು ಎಂತ ಉಂಟು ಅದ್ರಲ್ಲಿ?"

ಅಣ್ಣನ ನಂಬರ್ ಅಳಿಸಿದರು. ನಾನು ನನ್ನದನ್ನು ಹೇಳುವವರೆಗೂ ಕೀಬೋರ್ಡಿನ ಮೇಲೆ ಬೆರಳಿಟ್ಟು ಕಾದರು.

ಕೆಲವು ವಾರಗಳ ನಂತರ, ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಿದ್ದಾಗ ನನ್ನ ಫೋನ್ ರಿಂಗಾಯಿತು. ಗುರುತಿಲ್ಲದ ನಂಬರ್. ಅಣ್ಣ ಎಂದಿನಂತೆ ಕೈ ಚಾಚಿದ.

"ನನಗೆ ಬಂದದ್ದು," ಎಂದು ಎಡಗೈಯಲ್ಲೇ ಎತ್ತಿಕೊಂಡೆ.