ಅಕ್ಕ ಲ್ಯಾಪ್‌ಟಾಪ್ ಆರಿಸಿದ್ದು

ನಮ್ಮ ಆಸ್ಪತ್ರೆಯ ಡಾಕ್ಟರುಗಳು ಬರೆಯುವುದಿಲ್ಲ, ಗೊಣಗುತ್ತಾರೆ. ರೋಗಿಯನ್ನು ನೋಡಿದ ಮೇಲೆ ಬೆರಳುದ್ದದ ರೆಕಾರ್ಡರನ್ನು ಬಾಯಿಗೆ ಹಿಡಿದು ಏನೇನೋ ಹೇಳಿ ಮುಗಿಸುತ್ತಾರೆ. ಅದನ್ನು ಕೇಳಿ ವರದಿಯಾಗಿ ಟೈಪ್ ಮಾಡುವವರು ಆರು ಜನ. ಅವರಲ್ಲಿ ಐದು ಜನ ಕೇಳಿ ಕೇಳಿ ಸಾಕಾಗಿ ಕೈಚೆಲ್ಲಿದ್ದೆಲ್ಲ ಕೊನೆಗೆ ಬರುವುದು ನನ್ನ ಅಕ್ಕನ ಮೇಜಿಗೆ. ಮೂಳೆ ಡಾಕ್ಟರು ಬಾಯಲ್ಲಿ ಏನಾದರೂ ಇಟ್ಟುಕೊಂಡೇ ಮಾತಾಡುತ್ತಾರೆ. ಮಕ್ಕಳ ಡಾಕ್ಟರ ಹಿಂದೆ ನಾಲ್ಕಾರು ಮಕ್ಕಳು ಕಿರುಚುತ್ತಿರುತ್ತವೆ. ಹೃದಯದ ಡಾಕ್ಟರಿಗೆ ನಲ್ಲಿ ಬಿಟ್ಟು ಕೈ ತೊಳೆಯುವಾಗಲೇ ಎಲ್ಲ ನೆನಪಾಗುವುದು. ಅಕ್ಕ ಆ ಗದ್ದಲದೊಳಗಿಂದ ಒಂದೊಂದೇ ಮಾತನ್ನು ಬಿಡಿಸಿ ತೆಗೆಯುತ್ತಾಳೆ. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಕಿವಿ ಮೇಡಂ ಎಂದು.

ನಾನು ಅದೇ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮಾಡುವವನು. ಬೇರೆಯವರಿಗೆ ಜನರ ಮುಖವಷ್ಟೇ ಕಂಡರೆ ನನಗೆ ಅವರ ಪಕ್ಕೆಲುಬೂ ಕಾಣುತ್ತದೆ ಎಂದು ಸ್ವಲ್ಪ ಜಂಬ ಇತ್ತು. ಇತ್ತು ಎಂದೇ ಬರೆಯುತ್ತಿದ್ದೇನೆ.

ಹೋದ ವರ್ಷ ಆಸ್ಪತ್ರೆಯವರಿಗೆ ಆಧುನಿಕರಾಗುವ ಹುಕಿ ಬಂತು. ಟೈಪಿಸ್ಟರ ಕೋಣೆ ಒಡೆದು ಅಲ್ಲಿ ಕಾಯುವವರಿಗೆ ಸೋಫಾ ಹಾಕುವುದು, ಟೈಪಿಸ್ಟರು ಒಂದೊಂದು ವಾರ್ಡಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವುದು ಎಂದು ತೀರ್ಮಾನವಾಯಿತು. ಯಾವ ಲ್ಯಾಪ್‌ಟಾಪ್ ಎಂದು ಆರಿಸಲು ಮೂರು ಜನರ ಖರೀದಿ ಸಮಿತಿ. ಅದರ ಅಧ್ಯಕ್ಷರು ನಮ್ಮ ಆಡಳಿತಾಧಿಕಾರಿ. ಯಾರ ಕಷ್ಟ ಕೇಳಿದರೂ 'ಅಯ್ಯೋ ಪಾಪ' ಎಂದು ತಲೆಯಾಡಿಸಿ ಮುಂದೆ ಹೋಗುವ ಅವರಿಗೆ ಅಯ್ಯೋಪಾಪ ಸಾಹೇಬರು ಎಂದೇ ಹೆಸರು ಬಿದ್ದಿತ್ತು. ಸಮಿತಿ ಮೂರು ಸಭೆ ಸೇರಿ, ಕೀಗಳೇ ಇಲ್ಲದ, ಗಾಜಿನ ಮೇಲೆ ಬೆರಳಾಡಿಸಿ ಬರೆಯುವ ತೆಳ್ಳನೆಯ ಯಂತ್ರವೊಂದನ್ನು ಎಲ್ಲರಿಗೂ ಗೊತ್ತುಮಾಡಿತು. ಗಾಜು ಸವರಿದರೆ ಅಕ್ಕನಿಗೆ ಸಿಗುವುದು ಗಾಜು ಮಾತ್ರ ಎಂಬುದು ಮೂರೂ ಸಭೆಗಳಲ್ಲಿ ಯಾರಿಗೂ ಹೊಳೆಯಲಿಲ್ಲ.

ಅಕ್ಕ ಹೋಗಿ ಹೇಳಿದಳು. ಸಾಹೇಬರು ಅಯ್ಯೋ ಪಾಪ ಅಂದರು.

"ನಿಮಗೆ ಯಾಕಮ್ಮ ಈ ತಾಪತ್ರಯ? ಬಾಗಿಲ ಹತ್ತಿರ ಸ್ವಾಗತದ ಮೇಜು ಇದೆ. ಅಲ್ಲಿ ಕೂತ್ಕೊಳ್ಳಿ. ಬಂದವರಿಗೆ ನಗ್ತಾ ನಮಸ್ಕಾರ ಹೇಳಿ, ಅಷ್ಟು ಸಾಕು. ಆಸ್ಪತ್ರೆಗೂ ಒಳ್ಳೆ ಹೆಸರು."

"ನಗೋದಕ್ಕೆ ನಾನು ಟೈಪಿಂಗ್ ಯಾಕೆ ಕಲೀಬೇಕಿತ್ತು ಸಾರ್?" ಎಂದಳು ಅಕ್ಕ.

ಸಾಹೇಬರು ಒಂದು ಷರತ್ತು ಹಾಕಿದರು. ಅಕ್ಕನಿಗೆ ಆಗುವಂಥ ಯಂತ್ರವನ್ನು ಅವಳೇ ಆರಿಸಿ ತರಬೇಕು. ವಾರ್ಡಿನಲ್ಲಿ ಕೂತು ಒಂದು ದಿನದಲ್ಲಿ ಹದಿನೈದು ವರದಿ ಮಾಡಿ ತೋರಿಸಬೇಕು. ತೋರಿಸಿದರೆ ಅವಳ ಕೆಲಸ ಅವಳಿಗೆ, ಇಲ್ಲದಿದ್ದರೆ ಸ್ವಾಗತದ ಮೇಜು. ಹನ್ನೆರಡು ವರ್ಷ ಡಾಕ್ಟರುಗಳ ಮಾನ ಉಳಿಸಿದವಳು ಇನ್ನು ಬಾಗಿಲಲ್ಲಿ ಬೊಂಬೆಯಾಗಿ ಕೂರಬೇಕೇ ಎಂದು ಆ ರಾತ್ರಿ ನನಗೆ ಊಟ ಸೇರಲಿಲ್ಲ. ಅಕ್ಕ ಎರಡು ಸಲ ಬಡಿಸಿಕೊಂಡು ಉಂಡಳು.

ಮನೆಯಲ್ಲಿ ಸಲಹೆಗಳಿಗೇನು ಬರ? ಚಿಕ್ಕಮ್ಮ ಬಂದು, "ಕಣ್ಣಿಗೆ ಹೊಡೆಯೋ ಬೆಳಕು ಇಲ್ಲದ್ದು ನೋಡಿ ತಗೋಳೇ, ಇಡೀ ದಿನ ಅದರ ಮುಂದೆ ಕೂತರೆ ಕಣ್ಣು ಹಾಳಾಗುತ್ತೆ," ಎಂದರು. ಅಕ್ಕ ಬಹಳ ವಿನಯದಿಂದ "ಆಗಲಿ ಚಿಕ್ಕಮ್ಮ" ಅಂದಳು. ನಾನಂತೂ ನಾಲ್ಕು ದಿನ ಕೂತು ಪಟ್ಟಿ ಮಾಡಿದ್ದೆ. ಯಾವುದರ ಪರದೆ ಎಷ್ಟು ಅಗಲ, ಯಾವುದರ ಬಣ್ಣ ಎಷ್ಟು ಗಾಢ, ಯಾವುದು ಬಿಸಿಲಲ್ಲೂ ಸ್ಪಷ್ಟ.

"ಇದನ್ನ ನೋಡಬೇಕು ಅಕ್ಕ, ಕಣ್ಣು ತಂಪಾಗುತ್ತೆ," ಎಂದೆ.

"ಯಾರ ಕಣ್ಣು?" ಎಂದಳು.

ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಶನಿವಾರ ಅಂಗಡಿಗೆ ಹೋದೆವು. ಬಾಗಿಲಲ್ಲೇ ಟೈ ಕಟ್ಟಿದ ಮಾರಾಟಗಾರನೊಬ್ಬ ನಗುತ್ತ ನಿಂತಿದ್ದ. ಅಕ್ಕನ ಬಿಳಿ ಕೋಲು ಕಂಡದ್ದೇ ಅವನ ನಗು ನನ್ನ ಕಡೆಗೆ ತಿರುಗಿತು.

"ಮೇಡಂಗೆ ಯಾವ ಬಣ್ಣ ಇಷ್ಟ ಸಾರ್?"

"ಮೇಡಂ ಇಲ್ಲೇ ಇದಾರೆ, ಅವರಿಗೆ ಮಾತೂ ಬರುತ್ತೆ. ಬಣ್ಣ ನಿಮಗೆ ಇಷ್ಟವಾದದ್ದು ಇರಲಿ. ಕೀಬೋರ್ಡ್ ತೋರಿಸಿ," ಎಂದಳು ಅಕ್ಕ.

ಅಲ್ಲಿಂದ ಶುರುವಾದದ್ದನ್ನು ನೋಡಿಯೇ ನಂಬಬೇಕು. ಸಾಲಾಗಿ ಇಟ್ಟಿದ್ದ ಹನ್ನೊಂದು ಲ್ಯಾಪ್‌ಟಾಪ್‌ಗಳ ಮೇಲೂ ಅವಳು ಒಂದೊಂದಾಗಿ ಬೆರಳಾಡಿಸಿದಳು, ಸಂತೆಯಲ್ಲಿ ಬದನೆಕಾಯಿ ಆರಿಸುವವಳ ಹಾಗೆ. ಎರಡು ತೋರುಬೆರಳು ನಿಲ್ಲುವ ಕೀಗಳ ಮೇಲೆ ಸಣ್ಣ ಉಬ್ಬು ಇರಬೇಕು. ಕೆಲವದರಲ್ಲಿ ಅದು ಇದ್ದೂ ಇಲ್ಲದಂತಿತ್ತು. ಬಾಣದ ಕೀಗಳನ್ನು ಅರ್ಧಕ್ಕೆ ಕತ್ತರಿಸಿ ಮೂಲೆಗೆ ತುರುಕಿದ್ದನ್ನು ತಳ್ಳಿದಳು. ಮೇಲಿನ ಸಾಲಿನ ಕೀಗಳನ್ನೇ ಕಿತ್ತು ಅಲ್ಲಿ ನುಣುಪಾದ ಪಟ್ಟಿ ಅಂಟಿಸಿದ್ದನ್ನು ತಳ್ಳಿದಳು. ಮಾರಾಟಗಾರ ತುಂಬ ಹೆಮ್ಮೆಯಿಂದ ಮುಂದಿಟ್ಟ ಇನ್ನೊಂದರಲ್ಲಿ ಅಕ್ಷರ ಅಳಿಸುವ ಕೀಗೆ ಅಂಟಿಕೊಂಡೇ ಯಂತ್ರ ಆರಿಸುವ ಗುಂಡಿ ಇತ್ತು.

"ಅಳಿಸೋದರ ಪಕ್ಕದಲ್ಲೇ ಸಾಯಿಸೋದನ್ನ ಇಟ್ಟ ಮಹಾನುಭಾವ ಯಾರಪ್ಪ?" ಎಂದು ಅದನ್ನೂ ಸರಿಸಿದಳು.

ಆಮೇಲೆ ಒಂದೊಂದನ್ನೂ ಎತ್ತಿ ಅದರ ಹೊಟ್ಟೆಗೆ ಕಿವಿಯಿಟ್ಟಳು. ಒಳಗಿನ ಫ್ಯಾನು ಜೋರಾಗಿ ತಿರುಗಿದರೆ ಮೂಳೆ ಡಾಕ್ಟರ ಗೊಣಗಾಟ ಕೇಳುವುದಾದರೂ ಹೇಗೆ? ಮಾರಾಟಗಾರ ನನ್ನ ಕಿವಿಯಲ್ಲಿ, "ಏನು ನೋಡ್ತಿದಾರೆ ಸಾರ್?" ಎಂದ. "ಎದೆಬಡಿತ," ಎಂದೆ. ಆಸ್ಪತ್ರೆಯವನಾದ್ದರಿಂದ ನಂಬಿದ.

ಅಷ್ಟರಲ್ಲಿ ಅಕ್ಕ ಮೂರು ಕೀ ಒಟ್ಟಿಗೆ ಒತ್ತಿದಳು. ಯಂತ್ರ ಮಾತಾಡಲು ಶುರುಮಾಡಿತು. ಪರದೆಯ ಮೇಲಿದ್ದುದನ್ನೆಲ್ಲ ಓದಿ ಹೇಳುವ ದನಿ ಅದು. ಪ್ರತಿ ಲ್ಯಾಪ್‌ಟಾಪಿನ ಒಳಗೂ ಇರುತ್ತದಂತೆ. ಐದು ವರ್ಷದಿಂದ ಅದೇ ಅಂಗಡಿಯಲ್ಲಿದ್ದ ಟೈ ಕಟ್ಟಿದವ ಎರಡು ಹೆಜ್ಜೆ ಹಿಂದೆ ಸರಿದ. ಅಕ್ಕ ಅದರ ವೇಗ ಏರಿಸಿದಳು. ಮೊರದಿಂದ ಕಾಳು ಸುರಿದ ಹಾಗೆ ಮಾತು ಸುರಿಯಿತು. ನನಗೆ ಒಂದಕ್ಷರ ತಿಳಿಯಲಿಲ್ಲ. ಅಕ್ಕ ಮಾತ್ರ, "ಇದರಲ್ಲಿ ಜಾಗ ತುಂಬಿಹೋಗಿದೆ, ಯಾರೋ ನಿಮ್ಮವರೇ ಹಾಡು ತುಂಬಿಸಿಟ್ಟಿದಾರೆ ನೋಡಿ," ಎಂದು ಅವನಿಗೆ ಹೇಳಿದಳು.

ಕೊನೆಗೆ ಅವಳ ಕೈ ನಿಂತದ್ದು ಮೂಲೆಯಲ್ಲಿ ಪೆಟ್ಟಿಗೆಗಳ ಹಿಂದೆ ಅಡಗಿಸಿಟ್ಟಿದ್ದ ಹಳೆಯ ಮಾದರಿಯೊಂದರ ಮೇಲೆ. ದಪ್ಪ ದೇಹ, ಚಿಕ್ಕ ಗಾತ್ರ, ಗಟ್ಟಿ ಕೀಗಳು. ಹೆಗಲಚೀಲಕ್ಕೆ ಹಾಕಿ, ಕೋಲು ಹಿಡಿದು ಅಂಗಡಿಯನ್ನು ಎರಡು ಸುತ್ತು ಹೊಡೆದು ಭಾರ ನೋಡಿದಳು. "ಇದೇ," ಅಂದಳು. ನನಗೆ ನಾಚಿಕೆಯಾಯಿತು. ಪರದೆ ಅಂಗೈಯಗಲ, ಬಣ್ಣ ಬೂದಿ. ಪಕ್ಕದ ಗಿರಾಕಿಗಳು ನಮ್ಮನ್ನು ನೋಡಿ ಏನಂದುಕೊಂಡಾರು ಎಂದು ಚಿಂತಿಸುತ್ತಾ ಹೊರಬಂದೆ.

ಪರೀಕ್ಷೆಯ ದಿನ ಅಕ್ಕನಿಗೆ ಎರಡನೇ ಮಹಡಿಯ ವಾರ್ಡಿನ ಕೊನೆಯಲ್ಲಿ, ಗಾಜಿನ ಗೋಡೆಯ ಹಿಂದೆ ಮೇಜು ಕೊಟ್ಟರು. ಒಂದು ಕಿವಿಯಲ್ಲಿ ಡಾಕ್ಟರು, ಇನ್ನೊಂದು ಕಿವಿಯಲ್ಲಿ ಕಂಪ್ಯೂಟರು ಎಂದು ಎರಡು ಇಯರ್‌ಫೋನ್ ಸಿಕ್ಕಿಸಿಕೊಂಡು ಒಂಬತ್ತಕ್ಕೇ ಕೂತಳು. ನಾನು ನನ್ನ ಎಕ್ಸ್‌ರೇ ಕೋಣೆಗೆ ಹೋದೆ.

ಹನ್ನೊಂದರ ಹೊತ್ತಿಗೆ ಅಯ್ಯೋಪಾಪ ಸಾಹೇಬರು ನನ್ನ ಬಾಗಿಲಿಗೆ ಬಂದರು. ಅವರ ಮುಖ ನೋಡಿ ಯಾರೋ ಹೋಗಿಬಿಟ್ಟರೇನೋ ಅಂದುಕೊಂಡೆ.

"ಹೇಗೆ ಹೇಳಲಿ? ನಿಮ್ಮಕ್ಕ ಬೆಳಗಿನಿಂದ ಟೈಪ್ ಮಾಡ್ತಾನೇ ಇದಾರೆ. ಆದರೆ ಮಿಷನ್ ಆಫ್ ಆಗಿದೆ. ಪರದೆ ಪೂರ್ತಿ ಕಪ್ಪು. ಅವರಿಗೆ ಗೊತ್ತೇ ಆಗಿಲ್ಲ."

"ನೀವು ಹೇಳಲಿಲ್ವಾ ಸಾರ್?"

"ಹೇಗೆ ಹೇಳೋದು, ಅಯ್ಯೋ ಪಾಪ! ಮನಸ್ಸಿಗೆ ನೋವಾಗಲ್ವಾ? ಸಂಜೆ ತನಕ ಅವರ ಸಮಾಧಾನಕ್ಕೆ ಮಾಡ್ಕೊಳ್ಳಲಿ ಅಂತ ಸಮಿತಿ ತೀರ್ಮಾನ ಮಾಡಿದೆ. ನೀವು ಮನೆಗೆ ಹೋದ ಮೇಲೆ ಮೆಲ್ಲಗೆ ಹೇಳಿ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಯಂತ್ರ ಆಫ್ ಆಗಿತ್ತು ಎಂದು ಸಮಿತಿಯ ಮೂರೂ ಜನ ಆಗಲೇ ವರದಿ ಬರೆದು ಸಹಿ ಹಾಕಿಯಾಗಿತ್ತು. ನಾನು ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದೆ. ಗಾಜಿನಾಚೆ ಅಕ್ಕ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಬೆರಳುಗಳು ಮಳೆ ಹೊಯ್ದ ಹಾಗೆ ಓಡುತ್ತಿದ್ದವು. ಮುಂದಿನ ಪರದೆ ಹಂಚಿನಷ್ಟು ಕಪ್ಪಗಿತ್ತು. ನಡುವೆ ಒಮ್ಮೆ ಅವಳು ತನ್ನಷ್ಟಕ್ಕೆ ನಕ್ಕಳು, ಯಾವುದೋ ಡಾಕ್ಟರ ತಮಾಷೆ ಕೇಳಿಸಿಕೊಂಡವಳ ಹಾಗೆ. ಬಾಗಿಲ ಹಿಡಿಯ ತನಕ ಹೋದ ಕೈಯನ್ನು ಹಿಂದೆ ತೆಗೆದುಕೊಂಡೆ. ಏನೆಂದು ಹೇಳಲಿ? ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡು ಕೆಳಗಿಳಿದು ಬಂದೆ.

ಆ ದುಃಖದಲ್ಲೇ ಕೆಲಸ ಮಾಡಿದೆ. ಬಿದ್ದು ಮಣಿಕಟ್ಟು ಊದಿಸಿಕೊಂಡ ಮುದುಕರೊಬ್ಬರು ಬಂದರು. ಕೈ ಇಡಿ ಅಂದೆ, ಇಟ್ಟರು. ಚಿತ್ರ ತೆಗೆದು, ಯಾರದು, ಯಾವ ಕೈ ಎಂದು ಕಂಪ್ಯೂಟರಿನಲ್ಲಿ ನಮೂದಿಸಿ ಕಳಿಸಿದೆ.

ಒಂದು ಗಂಟೆಗೆ ಫೋನು ಬಂತು. ಅಕ್ಕ.

"ಏನೋ, ಮಣಿಕಟ್ಟಿನ ಮುದುಕರು ಬಂದಿದ್ರಲ್ಲ, ಅವರಿಗೆ ಪೆಟ್ಟಾಗಿರೋದು ಎಡಗೈ ಅಂತ ಮೂಳೆ ಡಾಕ್ಟರು ಹೇಳ್ತಿದಾರೆ. ನೀನು ಕಳಿಸಿರೋ ಎಕ್ಸ್‌ರೇ ಮೇಲೆ ಬಲಗೈ ಅಂತಿದೆ. ಯಾವ ಕೈದು ತೆಗೆದೆ?"

ಚಿತ್ರ ತೆರೆದು ನೋಡಿದೆ. ಮುದುಕರು ಪಾಪ, ಊದದ ಕೈಯನ್ನೇ ಇಟ್ಟಿದ್ದರು. ನಾನು ನೋಡಿರಲೇ ಇಲ್ಲ.

"ತಪ್ಪಾಯ್ತು. ಈಗಲೇ ಇನ್ನೊಂದು ತೆಗೀತೀನಿ," ಎಂದವನಿಗೆ ಆಮೇಲೆ ತಲೆ ಓಡಿತು. "ಅಲ್ಲ, ಬಲಗೈ ಅಂತ ನೀನು ಎಲ್ಲಿ ಓದಿದೆ?"

"ಲ್ಯಾಪ್‌ಟಾಪಲ್ಲಿ. ಇನ್ನೆಲ್ಲಿ ಓದ್ತಾರೆ?"

"ಅದು ಆಫ್ ಆಗಿದೆಯಲ್ಲ!"



"ಪರದೆ ಆರಿಸಿದೀನಿ," ಎಂದಳು. "ನನಗೆ ಬೇಡದ ಬೆಳಕಿಗೆ ಬ್ಯಾಟರಿ ಯಾಕೆ ಸುಡಲಿ? ಅದೂ ಅಲ್ಲದೆ ಇಲ್ಲಿ ಗಾಜಿನ ಗೋಡೆ. ರೋಗಿಗಳ ಗುಟ್ಟೆಲ್ಲ ಹೋಗೋ ಬರೋರು ಓದಬೇಕಾ?" ಎಂದು ಫೋನಿಟ್ಟಳು.

ಯಂತ್ರದ ಪಕ್ಕದಲ್ಲಿ ಹೆಸರುಕಾಳಿನಷ್ಟು ದೀಪವೊಂದು ಬೆಳಗಿನಿಂದ ಉರಿಯುತ್ತಲೇ ಇತ್ತಂತೆ. ಕಣ್ಣಿದ್ದ ನಾಲ್ಕು ಜನರೂ ಅದನ್ನು ನೋಡಿರಲಿಲ್ಲ.

ಸಂಜೆ ಐದಕ್ಕೆ ಇಪ್ಪತ್ತೆರಡು ವರದಿಗಳು ಡಾಕ್ಟರುಗಳನ್ನು ತಲುಪಿದ್ದವು. ಮೂಳೆ ಡಾಕ್ಟರು ಖುದ್ದು ಬಂದು, ತಪ್ಪು ಕೈಗೆ ಪಟ್ಟಿ ಹಾಕುವುದು ತಪ್ಪಿತು ಎಂದು ಸಾಹೇಬರ ಮುಂದೆ ಅಕ್ಕನನ್ನು ಹೊಗಳಿದರು. ಆ ಕ್ಷಣ ಅವರ ಬಾಯಲ್ಲಿ ಏನೂ ಇರಲಿಲ್ಲ, ಒಂದೊಂದು ಮಾತೂ ಸ್ಪಷ್ಟವಾಗಿತ್ತು. ಆದರೆ ಸಮಿತಿ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿಯದು. ಸಹಿ ಬಿದ್ದ ವರದಿ ಹರಿಯುವಂತಿಲ್ಲ. ಕೆಳಗೆ ಒಂದು ಸಾಲು ಸೇರಿಸಿದರು. ಅದು ಈಗಲೂ ಕಡತದಲ್ಲಿದೆ: 'ಯಂತ್ರವು ಆಫ್ ಆಗಿದ್ದಾಗ್ಯೂ ಸದರಿಯವರು ತೃಪ್ತಿಕರವಾಗಿ ಕೆಲಸ ನಿರ್ವಹಿಸಿರುತ್ತಾರೆ.'

ಅಕ್ಕನ ಕೆಲಸ ಅಕ್ಕನಿಗೆ ಉಳಿಯಿತು. ಸ್ವಾಗತದ ಮೇಜಿಗೆ ಒಂದು ಹೂದಾನಿ ತಂದಿಟ್ಟರು.

ಮನೆಗೆ ಹೊರಟಾಗ ನಾನು ಖುಷಿಯಲ್ಲಿದ್ದೆ. ನಾನು ಮೇಲೆ ಓಡಿ ಬಂದು ಗಾಜಿನಾಚೆ ಕಣ್ಣೊರೆಸಿಕೊಂಡದ್ದು, ಸಾಹೇಬರ ಮುಖ ಹೇಗಾಯಿತು ಎಂಬುದು ಎಲ್ಲವನ್ನೂ ನಟಿಸಿ ಹೇಳುತ್ತಿದ್ದೆ. ದಿನಾ ನನ್ನ ಮೊಣಕೈ ಹಿಡಿದು ನಡೆಯುವವಳು ಅವತ್ತು ಕೋಲು ಮಾತ್ರ ಹಿಡಿದು, ಒಂದು ಹೆಜ್ಜೆ ಮುಂದೆಯೇ ಹೋಗುತ್ತಿದ್ದಳು. ರಸ್ತೆ ದಾಟಿದ ಮೇಲೆ ನಿಂತಳು.

"ನೀನು ಮೇಲೆ ಬಂದು ನೋಡಿದ್ದು ಎಷ್ಟು ಹೊತ್ತಿಗೆ?"

"ಹನ್ನೊಂದಕ್ಕೆ."

"ನಾನು ಫೋನ್ ಮಾಡಿದ್ದು ಒಂದಕ್ಕೆ. ಎರಡು ಗಂಟೆ." ಅವಳ ದನಿ ಏರಲಿಲ್ಲ. "ಸತ್ತ ಮಿಷನ್ ಮುಂದೆ ಅಕ್ಕ ಕುಟ್ಟುತ್ತಾ ಕೂತಿದಾಳೆ ಅಂತ ನಂಬಿ, ಎರಡು ಗಂಟೆ ಹಾಗೇ ಬಿಟ್ಟೆಯಲ್ಲೋ. ಅದು ನಿಜವೇ ಆಗಿದ್ದರೆ? ನನ್ನ ಕೆಲಸ ಹೋಗ್ತಿತ್ತು, ಗೊತ್ತಿತ್ತಲ್ಲ ನಿನಗೆ? ಒಳಗೆ ಬಂದು ಒಂದು ಮಾತು ಹೇಳೋದಕ್ಕೆ ಏನಾಗಿತ್ತು?"

"ನಿನಗೆ ನೋವಾಗುತ್ತೆ ಅಂತ..."

"ಸಮಿತಿಯವರು ಹಾಗಂದುಕೊಂಡರೆ ನಗಬಹುದು. ನೀನು ನನ್ನ ತಮ್ಮ." ಕೋಲು ಮುಂದೆ ಚಾಚುತ್ತಾ ಅಂದಳು, "ಕಂಡದ್ದನ್ನ ಹೇಳು. ನೋವು ನನ್ನದು, ಅದನ್ನ ನಾನು ನೋಡ್ಕೋತೀನಿ."

ಮನೆ ತನಕ ಅವಳು ನನ್ನ ಕೈ ಹಿಡಿಯಲಿಲ್ಲ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಈಗ ದಿನಾ ಹನ್ನೊಂದಕ್ಕೆ ಎರಡನೇ ಮಹಡಿಗೆ ಹತ್ತಿ, ಗಾಜಿನ ಬಾಗಿಲು ತಳ್ಳಿ ಒಳಗೆ ಹೋಗುತ್ತೇನೆ.

"ಅಕ್ಕಾ, ಪರದೆ ಕಪ್ಪಗಿದೆ."

"ಗೊತ್ತು, ಹೋಗು," ಎನ್ನುತ್ತಾಳೆ, ಬೆರಳು ನಿಲ್ಲಿಸದೆ.