ಎಸ್ತೇರಕ್ಕೋರ ಬುಧವಾರದ ಪ್ರಾರ್ಥನೆ

ಗಂಡಹೆಂಡಿರ ಜಗಳ ಉಂಡು ಮಲಗುವತನಕ ಅನ್ನುತ್ತಾರೆ. ಜೇವರ್ಗಿಯಲ್ಲಿ ಮಲಗಿ ಎದ್ದ ಮೇಲೂ ಉಳಿದ ಜಗಳಗಳು ಎಸ್ತೇರಕ್ಕೋರ ಮನೆಗೆ ಬರುತ್ತಿದ್ದವು. ಮಿಷನ್ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಕಲಿಸಿ ನಿವೃತ್ತರಾದ ಅಕ್ಕೋರು ೧೯೮೩ರ ಹೊತ್ತಿಗೆ ಚರ್ಚಿನ ಹಿಂದಿನ ಎರಡು ಕೋಣೆಗಳಲ್ಲಿ ಒಬ್ಬರೇ ಇದ್ದರು. ಬರುವವರೆಲ್ಲ ಕ್ರೈಸ್ತರೇನಲ್ಲ, ಲಿಂಗಾಯತರ ಸೊಸೆಯಂದಿರು ಬರುತ್ತಿದ್ದರು, ಜೈತುನಬಿ ಮಗ-ಸೊಸೆಯನ್ನು ಎಳೆದುಕೊಂಡೇ ಬಂದಿದ್ದಳು. ಅಕ್ಕೋರು ಮೊದಲು ಒಬ್ಬೊಬ್ಬರನ್ನೇ ಕೇಳುವರು, ಆಮೇಲೆ ಇಬ್ಬರನ್ನೂ ಎದುರುಬದುರು ಕೂರಿಸುವರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಪಾಠದಂತೆ ಒಪ್ಪಿಸಬೇಕು; ಅಲ್ಲಿಯತನಕ ತಮ್ಮ ಮಾತು ತೆಗೆಯುವಂತಿಲ್ಲ. ಅರ್ಧ ಜಗಳ ಅಲ್ಲೇ ತಣ್ಣಗಾಗುತ್ತಿತ್ತು. ಕೇಳಿದ್ದು ಅವರ ಹೊಸ್ತಿಲು ದಾಟುವುದಿಲ್ಲವೆಂದು ಊರಿಗೆಲ್ಲ ಭರವಸೆ. ಸುಳ್ಳು ಯಾಕೆ ಹೇಳಲಿ, ಅಕ್ಕೋರಿಗೂ ಅದರ ಜಂಬ ಕೊಂಚ ಇತ್ತು.

ಹತ್ತಿರದ ಹಳ್ಳಿ ಇಜೇರಿಯ ಹಣಮಂತ್ರಾಯ ಮಾತ್ರ ಬೇರೆಯೇ ಆಸಾಮಿ. ಹೆಂಡತಿ ನಿಂಬೆವ್ವನ ಜೊತೆ ಎರಡು ಸಲ ಬಂದ, ತಲೆ ತಗ್ಗಿಸಿ ಕೂತ, ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದ. ಅಕ್ಕೋರು ಹಿಗ್ಗಿದರು. ಮೂರನೇ ಸಲ ನಿಂಬೆವ್ವ ಸಂತೆಯ ನೆವ ಹೇಳಿ ಒಬ್ಬಳೇ ಬಂದಳು. ಒಪ್ಪಿಸಿದ ಒಂದೊಂದು ಮಾತಿಗೂ ಮನೆಯಲ್ಲಿ ಬಾರುಕೋಲಿನ ಏಟು ಬಿದ್ದಿದೆ ಎಂದಳು. ಸೋಮವಾರ ಅವನು ಎತ್ತು ಕೊಳ್ಳಲು ಪರಊರಿಗೆ ಹೋಗುವವನಿದ್ದ. ಅಂದು ಮಗಳನ್ನು ಕರೆದುಕೊಂಡು ಖಜೂರಿಯ ಅಕ್ಕನ ಮನೆ ಸೇರುವುದೆಂದು ಅವಳು ನಿಶ್ಚಯಿಸಿದ್ದಳು. ಅವನಿಗೆ ಗೊತ್ತಾದರೆ ಜೀವಸಹಿತ ಬಿಡುವುದಿಲ್ಲ ಎಂದೂ ಹೇಳಿದಳು.

ಬುಧವಾರ ಪ್ರಾರ್ಥನಾ ಕೂಟ. ಕಣ್ಣು ಮುಚ್ಚಿ ಒಬ್ಬೊಬ್ಬರೂ ಮನಸ್ಸಿನ ಭಾರವನ್ನು ಗಟ್ಟಿಯಾಗಿ ದೇವರ ಮುಂದಿಡುವುದು, ಉಳಿದವರು ಆಮೆನ್ ಅನ್ನುವುದು ಅಲ್ಲಿಯ ವಾಡಿಕೆ. ಅಕ್ಕೋರಿಗೆ ಆ ವಾರ ನಿಂಬೆವ್ವನದೇ ಭಾರ.

“ಕರ್ತನೇ, ಇಜೇರಿಯ ಸಹೋದರಿಯೊಬ್ಬಳು ಸೋಮವಾರ ಮಗಳೊಂದಿಗೆ ಖಜೂರಿಗೆ ಹೊರಟಿದ್ದಾಳೆ. ದಾರಿಯಲ್ಲಿ ಆಕೆಯನ್ನು ಕಾಪಾಡು.”

ಹೆಸರು ಹೇಳಲಿಲ್ಲ, ನಿಜ. ಆದರೆ ಅಷ್ಟು ದೂರದ ಖಜೂರಿಯಲ್ಲಿ ಇಜೇರಿಯ ಎಷ್ಟು ಹೆಣ್ಣುಮಕ್ಕಳಿಗೆ ಅಕ್ಕಂದಿರು ಇದ್ದಾರು? ದೇವರಿಗೆ ಹೇಳುವುದು ಬೇರೆ, ಕೂಟದಲ್ಲಿ ಹೇಳುವುದು ಬೇರೆ ಎಂಬುದು ಇಷ್ಟು ವರ್ಷ ಆ ವಿವೇಕಿಗೆ ಹೊಳೆದಿರಲೇ ಇಲ್ಲ. ಕಣ್ಣು ತೆರೆದಾಗ, ಮೊಣಕಾಲು ನೋವಿಗೆ ಪ್ರಾರ್ಥನೆ ಮಾಡಿಸಿಕೊಳ್ಳಲು ಬಂದಿದ್ದ ಸಕ್ಕುಬಾಯಿ ಹಿಂದಿನಿಂದ ಎದ್ದು ಹೋಗುತ್ತಿದ್ದಳು. ಅವಳು ಹಣಮಂತ್ರಾಯನ ಸೋದರತ್ತೆ. ಅಕ್ಕೋರು ಹೊರಗೆ ಓಡಿ ಬರುವಷ್ಟರಲ್ಲಿ ಮುದುಕಿ ಇಜೇರಿಯ ಕಡೇ ಬಸ್ಸು ಹತ್ತಿಯಾಗಿತ್ತು.

ಮರುದಿನ ಮೊದಲ ಬಸ್ಸಿಗೇ ಅಕ್ಕೋರು ಹೊರಟರು. ಇಜೇರಿ ಹತ್ತಿರವಾದಂತೆಲ್ಲ ಮನೆ ಮುಂದೆ ಮಂದಿ ನೆರೆದಿರಬಹುದು, ಹೆಣ ಮಲಗಿಸಿರಬಹುದು ಎಂದೆಲ್ಲ ಕಣ್ಣಿಗೆ ಕಟ್ಟಿತು. ಅಂಥದ್ದೇನೂ ಇರಲಿಲ್ಲ. ಹಣಮಂತ್ರಾಯ ಕಟ್ಟೆಯ ಮೇಲೆ ಕೂತಿದ್ದವನು ಎದ್ದು ಕೈಮುಗಿದ. ಆ ಮರ್ಯಾದೆಗೇ ಅಕ್ಕೋರಿಗೆ ಹೆಚ್ಚು ಹೆದರಿಕೆಯಾಯಿತು.

“ಬರ್ರಿ ಅಕ್ಕೋರ, ಕೂಡ್ರಿ. ನಮ್ಮತ್ತಿ ಏನೇನೋ ಹೇಳಾಕತ್ಯಾಳ. ಖಜೂರಿಗಿ ಹೊಂಟಾಕಿ ಯಾರ್ರಿ?”

“ಆಕಿ ಬ್ಯಾರೆಯಾಕಿರಿ,” ಎಂದರು ಅಕ್ಕೋರು. ಜೀವನದಲ್ಲಿ ಅಷ್ಟು ನೇರವಾಗಿ ಸುಳ್ಳು ಹೇಳಿದ್ದು ಅದೇ ಮೊದಲು.

ಅವನು ನಕ್ಕು ಒಳಗೆ ತಿರುಗಿದ. “ನಿಂಬಿ, ಬಾ ಬೇ ಇಲ್ಲಿ. ಅಕ್ಕೋರು ಏನಂದ್ರು, ಒಪ್ಪಸು.”

ನಿಂಬೆವ್ವ ನೀರಿನ ತಂಬಿಗೆ ಹಿಡಿದು ಬಂದಳು. ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. “ಆಕಿ ಬ್ಯಾರೆಯಾಕಿ ಅಂದ್ರು,” ಎಂದು ಒಪ್ಪಿಸಿದಳು. ಹಣಮಂತ್ರಾಯ ಹೌದೆಂಬಂತೆ ತಲೆಯಾಡಿಸಿದ. ಇನ್ನು ಎತ್ತು ಕೊಳ್ಳುವುದಿಲ್ಲ, ಸೋಮವಾರ ತಾನು ಎಲ್ಲಿಗೂ ಹೋಗುವುದಿಲ್ಲ ಎಂದ. ಹಿತ್ತಲಲ್ಲಿ ಕರು ಹಗ್ಗ ಬಿಚ್ಚಿಕೊಂಡಿತೆಂದು ಅವನು ಎದ್ದುಹೋದಾಗ ನಿಂಬೆವ್ವ ಎಡಗೈಯಿಂದ ತಂಬಿಗೆ ಮುಂದೆ ಮಾಡಿದಳು.

“ನನ್ನ ಸಲುವಾಗಿ ಇನ್ನ ಪ್ರಾರ್ಥನಾ ಮಾಡಬ್ಯಾಡ್ರಿ ಅಕ್ಕೋರ. ದೇವರಿಗಿ ಕೇಳಸೂಕಿಂತ ಮೊದಲ ಮಂದಿಗಿ ಕೇಳಸ್ತದ.”

ಆದರೂ ಸೋಮವಾರ ಅಕ್ಕೋರು ಜೇವರ್ಗಿ ಬಸ್ ನಿಲ್ದಾಣಕ್ಕೆ ಹೋಗಿ ಕೂತರು; ಇಜೇರಿಯಿಂದ ಖಜೂರಿಗೆ ಹೋಗುವವರು ಅಲ್ಲೇ ಬಸ್ಸು ಬದಲಿಸಬೇಕು. ಇಜೇರಿಯಿಂದ ಮೂರು ಬಸ್ಸು ಬಂದವು. ಇಳಿದವರ ಮುಖವನ್ನೆಲ್ಲ ನೋಡಿದರು; ನಿಂಬೆವ್ವ ಇಳಿಯಲಿಲ್ಲ, ಮಗುವೂ ಇಳಿಯಲಿಲ್ಲ. ಆ ಮನೆಯಲ್ಲಿ ಈಗ ಏನಾಗುತ್ತಿದೆಯೋ ಎಂದು ಅವರಿಗೆ ಭಯವಾಯಿತು. ಅಲ್ಲೇ ಕಲ್ಲುಬೆಂಚಿನ ಮೇಲೆ ಪ್ರಾರ್ಥಿಸಲು ಬಾಯಿ ತೆರೆದರು. ತೆರೆದವರು ಮೊದಲು ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದರು.